ಒಂದು ತುತ್ತು ಕಮ್ಮಿ

ಮೂವತ್ತೊಂದು ವರ್ಷ ಮದ್ದೂರಿನ ಹಾಸ್ಟೆಲಿನಲ್ಲಿ
ಮುದ್ದೆ ತೊಳಸಿದ ಕೈ ಇದು.
ನೂರಾ ಎಂಬತ್ತು ತಟ್ಟೆ, ಎರಡು ಹೊತ್ತು.
ಸಾಕು ಅಂದ ಹುಡುಗನಿಗೂ ಇನ್ನರ್ಧ ಮುರಿದಿಕ್ಕಿ
ಕೈ ತೊಳೆಯಲು ಎದ್ದುಹೋಗುವಾಗ ಬೆನ್ನು ನೋಡುತ್ತಿದ್ದೆ.
ಬೆನ್ನು ನೋಡಿದರೆ ಗೊತ್ತಾಗುತ್ತೆ
ಉಂಡವರು ಯಾರು, ಉಂಡಂತೆ ಮಾಡಿದವರು ಯಾರು.

ಈಗ ಕಿರಂಗೂರಿನಿಂದಾಚೆ
ಇಟ್ಟಿಗೆಗೂಡಿನವರು ಮಣ್ಣು ತೋಡಿ ಬಿಟ್ಟುಹೋದ ಗುಂಡಿ.
ನಾಲೆಯ ಬಸಿನೀರು.
ಕಾಟ್ಲಾ, ರೋಹು, ಗೆಂಡೆ: ಎರಡು ಸಾವಿರ ಬಾಯಿ.
ಬಕೆಟ್ಟಿನ ಹಿಡಿ ಕಿರುಗುಟ್ಟಿದರೆ ಸಾಕು
ಮೂಲೆಯ ನೀರೆಲ್ಲ ಕುದಿಯುವ ಎಸರು.
ಕಡ್ಲೆಹಿಂಡಿ, ಅಕ್ಕಿತೌಡು ನೆನೆಸಿ, ಉಂಡೆ ಕಟ್ಟಿ
ಕೇಳಿದಷ್ಟು ಕೊಟ್ಟೆ.
ಕೇಳದ ದಿನ, ಏನೋ ಬೇಜಾರಿರಬೇಕು ಅಂತ
ಒಂದು ಹಿಡಿ ಜಾಸ್ತಿಯೇ ಕೊಟ್ಟೆ.

ಶ್ರಾವಣದಲ್ಲಿ ಮೂರು ದಿನ
ಮೋಡ ಕದಲದೆ ಕೂತಿತ್ತು.
ನಾಲ್ಕನೆಯ ಬೆಳಗು ಕೋಳಿ ಕೂಗುವ ಹೊತ್ತಿಗೆ
ನೀರಿನ ಮೇಲೆಲ್ಲ ಬಾಯಿ.
ದುಂಡಗೆ ತೆರೆದ, ಮುಚ್ಚಿದ, ತೆರೆದ ಬಾಯಿ.
ಬಾಯಿ ತೆರೆದರೆ ಹಸಿವು.
ನನಗೆ ಗೊತ್ತಿದ್ದ ಭಾಷೆ ಅಷ್ಟೇ.
ಇನ್ನೊಂದು ಬಕೆಟ್ಟು ಸುರಿದೆ.

ಮಧ್ಯಾಹ್ನಕ್ಕೆ ಇನ್ನೂರಾ ಹದಿಮೂರು
ಬೆಳ್ಳಗೆ, ಮಗ್ಗುಲಾಗಿ.

ಮೀನುಗಾರಿಕೆ ಆಫೀಸಿನ ಸುಪ್ರಭಾ ಮೆಂಡನ್,
ಮಲ್ಪೆ ಕಡೆಯ ಹುಡುಗಿ, ಗೋಣಿಚೀಲ ಹಾಸಿ ಕೂತು
ಬ್ಲೇಡಿನಲ್ಲಿ ಒಂದು ಗೆಂಡೆ ಬಿಡಿಸಿದಳು.
“ನೋಡಿ ನಿಂಗಾಜಮ್ನೋರೆ,
ಹೊಟ್ಟೆಯ ಚೀಲ ಅಂತ ಒಂದು ಇಲ್ಲವೇ ಇಲ್ಲ ಇದಕ್ಕೆ.
ಬಾಯಿಂದ ಸೀದಾ ಕರುಳು.
ಕೂಡಿಡುವ ಕೋಣೆ ಇಲ್ಲದ ಮನೆ.
ಚೂರು ಚೂರು, ಆಗಾಗ್ಗೆ ಕೊಡಬೇಕು.”
ಈಲಿಯನ್ನು ಬೆರಳಿನಿಂದ ಎತ್ತಿ ತೋರಿಸಿದಳು.
ಕೆಂಪಗಿರಬೇಕಾದದ್ದು
ಹಳೆಯ ಬೆಣ್ಣೆಯ ಬಣ್ಣಕ್ಕಿತ್ತು.
ನಾನು ಉಣಿಸಿದ ಪ್ರೀತಿಯೆಲ್ಲ ಅಲ್ಲಿ
ಕೊಬ್ಬಾಗಿ ಕೂತಿತ್ತು.

ತೌಡಿನ ಚೀಲಕ್ಕೆ ಮೂಗಿಟ್ಟು ಮುಖ ಕಿವುಚಿದಳು.
ಕಮಟು ನನಗೆ ತಿಳಿದಿರಲಿಲ್ಲವೇ?
ಮುಗ್ಗಿದ ಅಕ್ಕಿಯ ಮೂಟೆ ಹಾಸ್ಟೆಲಿಗೆ ಬಂದಾಗ
ವಾರ್ಡನ್ನಿನ ಕೂಡ ಜಗಳವಾಡಿದವಳು ನಾನು.
ಮೀನಿಗೆ ನಡೆಯುತ್ತೆ ಅಂದುಕೊಂಡೆ.

“ಉಂಡದ್ದು ಅರಗಲಿಕ್ಕೂ ಉಸಿರು ಬೇಕು.
ಬಿಸಿಲಿಲ್ಲ, ಪಾಚಿ ಉಸಿರು ಬಿಡಲಿಲ್ಲ.
ಉಳಿದ ಹಿಂಡಿ ಕೊಳೆತು ಇದ್ದದ್ದನ್ನೂ ಕುಡಿಯಿತು.
ಅವು ಕೇಳಿದ್ದು ತಿಂಡಿಯಲ್ಲ, ಗಾಳಿ.”

ಆ ರಾತ್ರಿ ನೆನಪಾದವನು
ಚೆಲುವರಾಜು ಅಂತ, ಎಂಟನೇ ಕ್ಲಾಸು.
ಅಡಿಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ, ಬಾಯಿ ತೆರೆಯುತ್ತಿದ್ದ.
“ಬಾ ಮಗ” ಅಂತ ತಟ್ಟೆಗಿಕ್ಕುತ್ತಿದ್ದೆ.
ಉಣ್ಣುತ್ತಿದ್ದ. ಹೋಗುತ್ತಿದ್ದ.
ಏನು ಹೇಳಲು ಬರುತ್ತಿದ್ದ ಅಂತ
ಒಂದು ದಿನ ಕೇಳಲಿಲ್ಲ.

ಈಗ ತಕ್ಕಡಿ ಇದೆ. ಹದಿನೈದು ದಿನಕ್ಕೊಮ್ಮೆ
ಬಲೆ ಬೀಸಿ, ಇಪ್ಪತ್ತು ಮೀನು ತೂಗಿ, ಲೆಕ್ಕ ಹಾಕಿ
ನೂರು ಕೇಜಿ ಮೈಗೆ ಎರಡು ಕೇಜಿ ಮೇವು.
ಮಾಗಿಯಲ್ಲಿ ಅದಕ್ಕೂ ಕಮ್ಮಿ:
ಮೀನಿಗೆ ತನ್ನದೇ ಮೈಬಿಸಿ ಇಲ್ಲವಂತೆ,
ನೀರು ತಣ್ಣಗಾದರೆ ಕರುಳೂ ತೂಕಡಿಸುತ್ತದೆ.

ಮೋಡದ ದಿನ ಬಕೆಟ್ಟು ಮುಟ್ಟುವುದಿಲ್ಲ.
ಬರಿಗೈಯಲ್ಲಿ ದಂಡೆಗೆ ಹೋಗುತ್ತೇನೆ.
ಹೆಜ್ಜೆ ಗುರುತು ಹಿಡಿದು ಬರುತ್ತವೆ.
ಇಕ್ಕದೆ ಸುಮ್ಮನೆ ನಿಲ್ಲುವುದು
ಗಂಟಿಲ್ಲದೆ ಮುದ್ದೆ ಕಲಿತದ್ದಕ್ಕಿಂತ ಕಷ್ಟ, ಬುಡು.

ಗುಂಪಿನಲ್ಲೊಂದು ಡೊಂಕು ಗೆಂಡೆ ಇದೆ.
ಮರಿಯಾಗಿದ್ದಾಗ ಮೇವಿನಲ್ಲಿ ಏನೋ ಸತ್ವ ಸಾಲದೆ
ಮೂಳೆ ಸೊಟ್ಟಗಾದದ್ದು ಅಂದಳು ಸುಪ್ರಭಾ,
ಇನ್ನು ನೆಟ್ಟಗಾಗುವುದಿಲ್ಲ.
ಎಲ್ಲಕ್ಕಿಂತ ಕೊನೆಗೆ ಬಂದು
ಎಲ್ಲಕ್ಕಿಂತ ಮೊದಲು ತಿರುಗುತ್ತದೆ.

ಬೆನ್ನು ನೋಡುತ್ತೇನೆ.
ಏನೂ ಗೊತ್ತಾಗುವುದಿಲ್ಲ.